ಭಾವ ಮತ್ತು ಆಲೋಚನೆ

ಭಯ, ಸಿಟ್ಟು, ದುಃಖ, ಸಂತೋಷ, ಹೇಸಿಗೆ, ನಾಚಿಕೆ ಮೊದಲಾದ ಭಾವಗಳಿಗೂ ಗಮನ, ನೆನಪು, ತರ್ಕ, ತೀರ್ಮಾನ ಮೊದಲಾದ ಆಲೋಚನೆಯ ಕೆಲಸಗಳಿಗೂ ಇರುವ ಸಂಬಂಧ ಮನೋವಿಜ್ಞಾನದ ಬಹಳ ಹಳೆಯ ಪ್ರಶ್ನೆಗಳಲ್ಲಿ ಒಂದು. ಇವೆರಡೂ ಒಂದಕ್ಕೊಂದು ಎದುರಾಳಿಗಳು ಎಂಬ ನಂಬಿಕೆ ಜನರ ಮಾತಿನಲ್ಲಿ ಗಟ್ಟಿಯಾಗಿ ಬೇರೂರಿದೆ. ಸಿಟ್ಟಿನ ಕೈಗೆ ಬುದ್ಧಿ ಕೊಡಬೇಡ ಎಂದು ಹಿರಿಯರು ಎಚ್ಚರಿಸುತ್ತಾರೆ. ಮನೆ ಕೊಳ್ಳುವಾಗ, ಸಂಬಂಧ ಗೊತ್ತುಮಾಡುವಾಗ ಭಾವನೆಯನ್ನು ಬದಿಗಿಟ್ಟು ಯೋಚಿಸು ಎನ್ನುತ್ತಾರೆ. ಕಳೆದ ನಾಲ್ಕೈದು ದಶಕಗಳ ಸಂಶೋಧನೆ ಈ ನಂಬಿಕೆಯನ್ನು ಸಾಕಷ್ಟು ಅಲುಗಾಡಿಸಿದೆ. ಭಾವ ಆಲೋಚನೆಯ ದಾರಿ ತಪ್ಪಿಸುವುದುಂಟು. ಆದರೆ ಭಾವದ ನೆರವು ತಪ್ಪಿದ ಆಲೋಚನೆ ಸರಿಯಾದ ತೀರ್ಮಾನಕ್ಕೆ ಬಂದು ಮುಟ್ಟುವುದು ಕಷ್ಟ ಎಂಬುದು ಮೆದುಳಿಗೆ ಪೆಟ್ಟುಬಿದ್ದವರ ಬದುಕಿನಿಂದ ತಿಳಿದುಬಂದಿದೆ.

ಇವೆರಡೂ ಎಷ್ಟು ಹತ್ತಿರ ಹೆಣೆದುಕೊಂಡಿವೆ ಎಂಬುದು ಯಾವ ಮನೆಯಲ್ಲಾದರೂ ಕಾಣುತ್ತದೆ. ರಾತ್ರಿ ಹನ್ನೊಂದಾದರೂ ಮಗ ಮನೆಗೆ ಬಂದಿಲ್ಲ, ಫೋನ್ ಸ್ವಿಚ್ ಆಫ್ ಆಗಿದೆ. ತಾಯಿಯ ಎದೆ ಹೊಡೆದುಕೊಳ್ಳುತ್ತದೆ, ಕಣ್ಣ ಮುಂದೆ ಬರೀ ಅಪಘಾತಗಳೇ ಬರುತ್ತವೆ, ಬೈಕಿನ ಸದ್ದಾದರೆ ಕಿವಿ ನಿಮಿರುತ್ತದೆ. ಭಯ ಇಲ್ಲಿ ಗಮನವನ್ನೂ ಕಲ್ಪನೆಯನ್ನೂ ತನ್ನ ಕಡೆಗೆ ಎಳೆದುಕೊಂಡಿದೆ. ಹನ್ನೆರಡಕ್ಕೆ ಮಗ ಬಾಗಿಲು ತಟ್ಟುತ್ತಾನೆ. ಗೆಳೆಯನ ಮನೆಯಲ್ಲಿ ಮ್ಯಾಚ್ ನೋಡುತ್ತಿದ್ದೆ, ಚಾರ್ಜ್ ಮುಗಿದಿತ್ತು ಎನ್ನುತ್ತಾನೆ. ಆ ಒಂದು ಮಾತಿಗೆ ಭಯವೆಲ್ಲ ಸಿಟ್ಟಾಗಿ ತಿರುಗುತ್ತದೆ. ಎದೆಬಡಿತ ಅದೇ, ನಡುಕ ಅದೇ; ಬದಲಾದದ್ದು ನಡೆದದ್ದೇನು, ಅದಕ್ಕೆ ಹೊಣೆ ಯಾರು ಎಂಬ ತಿಳಿವಳಿಕೆ. ಎರಡೂ ದಿಕ್ಕಿನ ಈ ಪ್ರಭಾವವೇ ಈ ಲೇಖನದ ವಿಷಯ.

ಹಳೆಯ ಚಿಂತನೆ

ಭಾರತ, ಗ್ರೀಸ್ ಎರಡು ಕಡೆಯೂ ಈ ಸಂಬಂಧವನ್ನು ರಥದ ಚಿತ್ರದಲ್ಲಿ ಹೇಳಿದ್ದಾರೆ. ಕಠೋಪನಿಷತ್ತಿನಲ್ಲಿ ಶರೀರ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ. ಪ್ಲೇಟೋ ತನ್ನ 'ಫೀಡ್ರಸ್' ಸಂವಾದದಲ್ಲಿ ಸಾರಥಿಗೆ ಎರಡು ಕುದುರೆ ಕೊಡುತ್ತಾನೆ: ಒಂದು ಸಾಧು, ಇನ್ನೊಂದು ಪುಂಡ. ಭಗವದ್ಗೀತೆಯ ಎರಡನೆಯ ಅಧ್ಯಾಯ ಇನ್ನೂ ಸೂಕ್ಷ್ಮವಾಗಿ ಹೋಗಿ, ವಿಷಯದ ಚಿಂತನೆಯಿಂದ ಆಸಕ್ತಿ, ಆಸಕ್ತಿಯಿಂದ ಕಾಮ, ಕಾಮದಿಂದ ಕ್ರೋಧ, ಅಲ್ಲಿಂದ ಮೋಹ, ನೆನಪಿನ ಭ್ರಂಶ, ಕೊನೆಗೆ ಬುದ್ಧಿನಾಶ ಎಂದು ಒಂದು ಸರಪಳಿಯನ್ನೇ ಬಿಡಿಸಿಡುತ್ತದೆ. ಈ ಸರಪಳಿ ಭಾವದಿಂದ ಶುರುವಾಗುವುದಿಲ್ಲ, ಮೆಲುಕು ಹಾಕುವ ಆಲೋಚನೆಯಿಂದ ಶುರುವಾಗುತ್ತದೆ. ಇಂದಿನ ಮನೋವೈದ್ಯರು ಖಿನ್ನತೆಯಲ್ಲಿ ಕಾಣುವುದೂ ಇಂಥದೇ ಮೆಲುಕನ್ನು.

ಹಳೆಯವರಲ್ಲಿ ಈ ವಿಷಯವನ್ನು ಎಲ್ಲರಿಗಿಂತ ಹತ್ತಿರದಿಂದ ನೋಡಿದವರು ತತ್ತ್ವಜ್ಞರಿಗಿಂತ ರಂಗಭೂಮಿಯವರು ಎನ್ನಬೇಕು. ಭರತನ 'ನಾಟ್ಯಶಾಸ್ತ್ರ' ನೆಲೆನಿಲ್ಲುವ ಎಂಟು ಸ್ಥಾಯಿಭಾವಗಳ ಜೊತೆಗೆ ಬಂದು ಹೋಗುವ 33 ವ್ಯಭಿಚಾರಿಭಾವಗಳನ್ನು ಎಣಿಸುತ್ತದೆ. ಆ ಪಟ್ಟಿಯಲ್ಲಿ ಹರ್ಷ, ವಿಷಾದ, ಗರ್ವಗಳ ಪಕ್ಕದಲ್ಲೇ ಶಂಕೆ, ಚಿಂತೆ, ಸ್ಮೃತಿ, ಮತಿ, ವಿತರ್ಕ ಕುಳಿತಿವೆ. ಸಂದೇಹಪಡುವುದು, ನೆನೆಯುವುದು, ನಿಶ್ಚಯಕ್ಕೆ ಬರುವುದು, ಹೀಗೋ ಹಾಗೋ ಎಂದು ತೂಗುವುದು ಎಲ್ಲವೂ ಭಾವಗಳ ಸಾಲಿನಲ್ಲಿ. ಬೆವರು, ರೋಮಾಂಚ, ನಡುಕ, ಕಣ್ಣೀರು, ದನಿ ಒಡೆಯುವುದು ಮೊದಲಾದ ಮೈಯ ಬದಲಾವಣೆಗಳಿಗೆ ಸಾತ್ತ್ವಿಕಭಾವಗಳೆಂಬ ಬೇರೆಯೇ ಎಂಟರ ಗುಂಪಿದೆ. ಸನ್ನಿವೇಶ, ಮೈ, ಮನಸ್ಸು ಮೂರನ್ನೂ ಕೂಡಿಸಿ ಒಂದು ಭಾವವನ್ನು ಕಟ್ಟುವ ಈ ರೀತಿ, ಸಾರಥಿ ಮತ್ತು ಕುದುರೆಯ ಚಿತ್ರಕ್ಕಿಂತ ಇವತ್ತಿನ ವಿಜ್ಞಾನಕ್ಕೆ ಹತ್ತಿರ. ಯಕ್ಷಗಾನದಲ್ಲಿ ಹರಿಶ್ಚಂದ್ರನ ಪ್ರಸಂಗ ನೋಡುತ್ತ ಕಣ್ಣೊರೆಸಿಕೊಳ್ಳುವ ಪ್ರೇಕ್ಷಕನಿಗೆ, ಎದುರಿಗಿರುವುದು ವೇಷವೆಂಬ ಅರಿವು ಒಂದು ಗಳಿಗೆಯೂ ತಪ್ಪಿರುವುದಿಲ್ಲ. ಆ ಅರಿವಿದ್ದರೂ ಅಳು ಬರುತ್ತದೆ, ಆ ಅರಿವಿನಿಂದಲೇ ಅಳು ಸಹ್ಯವೂ ಆಗುತ್ತದೆ. ಈ ಒಗಟನ್ನು ಬಿಡಿಸಲು ಅಭಿನವಗುಪ್ತನಂಥವರು ಸಾಧಾರಣೀಕರಣದ, ಅಂದರೆ ರಂಗದ ಮೇಲಿನ ಭಾವ ಒಬ್ಬ ವ್ಯಕ್ತಿಯದಾಗಿ ಉಳಿಯದೆ ಎಲ್ಲರಿಗೂ ಸಾಮಾನ್ಯವಾಗುತ್ತದೆ ಎಂಬ, ವಿಚಾರವನ್ನು ಬೆಳೆಸಿದರು.

ಯುರೋಪಿನಲ್ಲಿ ಸ್ಟೋಯಿಕ್ ಪಂಥದವರು ಭಾವವೆಂದರೆ ತಪ್ಪಾದ ಒಂದು ತೀರ್ಪು ಎಂದರು. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದನ್ನು ತಲೆಕೆಳಗು ಮಾಡಿ, ಗುರಿಗಳನ್ನು ಕೊಡುವುದು ಭಾವ, ಅವುಗಳಿಗೆ ದಾರಿ ಹುಡುಕುವುದಷ್ಟೇ ತರ್ಕದ ಕೆಲಸ ಎಂದು ವಾದಿಸಿದ. ಹ್ಯೂಮ್ ಅದನ್ನು ಕುರ್ಚಿಯಲ್ಲಿ ಕುಳಿತು ಹೇಳಿದ. ಅದಕ್ಕೆ ಆಧಾರ ಸಿಕ್ಕಿದ್ದು ಆಸ್ಪತ್ರೆಗಳಲ್ಲಿ.

ಭಾವ ತಪ್ಪಿದ ಬುದ್ಧಿ

1848ರ ಸೆಪ್ಟೆಂಬರ್ 13ರಂದು ಅಮೆರಿಕದ ವರ್ಮಾಂಟ್ ರಾಜ್ಯದ ಕ್ಯಾವೆಂಡಿಷ್ ಊರಿನ ಬಳಿ ರೈಲುಹಳಿಗಾಗಿ ಬಂಡೆ ಸಿಡಿಸುತ್ತಿದ್ದಾಗ, 25 ವರ್ಷದ ಮೇಸ್ತ್ರಿ ಫಿನಿಯಸ್ ಗೇಜ್‌ನ ಕೈಯಲ್ಲಿದ್ದ ಕಬ್ಬಿಣದ ಸಲಾಕೆ ಸಿಡಿಮದ್ದಿನ ರಭಸಕ್ಕೆ ಹಾರಿತು. ಒಂದು ಮೀಟರಿಗೂ ಉದ್ದ, ಸುಮಾರು ಆರು ಕಿಲೋ ತೂಕದ ಆ ಸಲಾಕೆ ಎಡಗೆನ್ನೆಯಲ್ಲಿ ಹೊಕ್ಕು ನೆತ್ತಿಯಲ್ಲಿ ಹೊರಬಂತು. ಸ್ವಲ್ಪ ಹೊತ್ತಿನಲ್ಲೇ ಆತ ಎದ್ದು ಮಾತಾಡಿದ; ಎಡಗಣ್ಣು ಹೋಯಿತು, ಜೀವ ಉಳಿಯಿತು. ಚಿಕಿತ್ಸೆ ಮಾಡಿದ ವೈದ್ಯ ಜಾನ್ ಹಾರ್ಲೊ 1868ರಲ್ಲಿ ಬರೆದ ವರದಿಯ ಪ್ರಕಾರ, ಮೊದಲು ಲೆಕ್ಕಾಚಾರದ ಮನುಷ್ಯನಾಗಿದ್ದ ಗೇಜ್ ಆಮೇಲೆ ಹಟಮಾರಿ, ಚಂಚಲ, ಬಾಯಿ ಬಿಗಿಯಿಲ್ಲದವನಾದ. ಈ ಕಥೆಯನ್ನು ಪಠ್ಯಪುಸ್ತಕಗಳು ಬೇಕಾದ್ದಕ್ಕಿಂತ ಹಿಗ್ಗಿಸಿವೆ ಎಂಬುದನ್ನೂ ಹೇಳಬೇಕು. ಗೇಜ್ ಆಮೇಲೆ ಚಿಲಿ ದೇಶದಲ್ಲಿ ಹಲವು ವರ್ಷ ಕುದುರೆಗಾಡಿ ಹೊಡೆದು ಬದುಕಿದ. ಪ್ರಯಾಣಿಕರನ್ನು ಕೂರಿಸಿಕೊಂಡು ಕುದುರೆಗಳನ್ನು ನಡೆಸುವ ಆ ಕೆಲಸ ಸ್ಥಿಮಿತ ಕಳೆದುಕೊಂಡವರಿಂದ ಆಗುವಂಥದ್ದಲ್ಲ. 1860ರಲ್ಲಿ ತೀರಿಕೊಂಡ ಆತನ ತಲೆಬುರುಡೆ ಮತ್ತು ಸಲಾಕೆ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.

ಗೇಜ್‌ಗಿಂತ ಹೆಚ್ಚು ತಿಳಿಸಿಕೊಟ್ಟದ್ದು ನರವೈದ್ಯ ಆಂಟೋನಿಯೊ ಡಮಾಸಿಯೊ ತಮ್ಮ 'ಡೆಕಾರ್ಟ್ಸ್ ಎರರ್' ಪುಸ್ತಕದಲ್ಲಿ (1994) ಎಲಿಯಟ್ ಎಂಬ ಹೆಸರಿಟ್ಟು ವಿವರಿಸಿದ ರೋಗಿ. ಹಣೆಯ ಹಿಂದೆ, ಮೂಗಿನ ಮೇಲ್ಭಾಗಕ್ಕೆ ಬೆಳೆದಿದ್ದ ಗೆಡ್ಡೆಯನ್ನು ತೆಗೆಯುವಾಗ ಮೆದುಳಿನ ಮುಂಭಾಗದ ಕೆಳಗಿನ ಅಂಗಾಂಶವೂ ಹೋಗಿತ್ತು. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಎಲಿಯಟ್ ಸರಾಸರಿಗಿಂತ ಮೇಲೆ. ನೆನಪು, ಭಾಷೆ, ಲೆಕ್ಕ ಎಲ್ಲ ಸರಿ. ಆದರೂ ಕೆಲಸ ಹೋಯಿತು, ದುಡ್ಡು ಕರಗಿತು, ಸಂಸಾರ ಮುರಿಯಿತು. ಆಫೀಸಿನಲ್ಲಿ ಕಾಗದಗಳನ್ನು ವಿಂಗಡಿಸಲು ಕೂತರೆ, ತಾರೀಖಿನ ಪ್ರಕಾರ ಜೋಡಿಸಲೋ ವಿಷಯದ ಪ್ರಕಾರವೋ ಎಂದು ಯೋಚಿಸುವುದರಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು. ಉರಿಯುವ ಮನೆ, ಮುಳುಗುವ ಜನರ ಚಿತ್ರ ತೋರಿಸಿದಾಗ, ಮೊದಲಾಗಿದ್ದರೆ ತನಗೆ ಏನೋ ಆಗುತ್ತಿತ್ತು, ಈಗ ಏನೂ ಆಗುವುದಿಲ್ಲ ಎಂದು ಆತನೇ ತಿಳಿಸಿದ. ಅದೇ ಜಾಗದಲ್ಲಿ ಪೆಟ್ಟಾಗಿದ್ದ ಇನ್ನೊಬ್ಬ ರೋಗಿಗೆ ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟು ಆರಿಸಿಕೊಳ್ಳಲು ಹೇಳಿದಾಗ, ಆತ ಡೈರಿ ತೆಗೆದು ಬೇರೆ ಕೆಲಸಗಳು, ಹವಾಮಾನ, ಆ ದಿನ ಏನೇನು ಆಗಬಹುದು ಎಂದು ಸುಮಾರು ಅರ್ಧ ಗಂಟೆ ತೂಗಿದ. ಎರಡನೆಯ ದಿನವೇ ಬನ್ನಿ ಎಂದು ಡಮಾಸಿಯೊ ಹೇಳಿದ ಕೂಡಲೇ, ಸರಿ ಎಂದು ಡೈರಿ ಮುಚ್ಚಿ ಹೊರಟ. ತರ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಯೋಚಿಸುವಂಥದ್ದು ಇದರಲ್ಲಿ ಏನೂ ಇಲ್ಲ ಎಂದು ಒಳಗಿನಿಂದ ಬರಬೇಕಾದ ಬೇಸರ ಬರಲಿಲ್ಲ, ಅಷ್ಟೆ.

ಡಮಾಸಿಯೊ ಇದರಿಂದ ಕಟ್ಟಿದ ಸಿದ್ಧಾಂತದ ಪ್ರಕಾರ, ಹಿಂದಿನ ಅನುಭವಗಳು ಮೈಯಲ್ಲಿ ಗುರುತು ಬಿಟ್ಟಿರುತ್ತವೆ. ಅಂಥದೇ ಸಂದರ್ಭ ಮತ್ತೆ ಬಂದಾಗ ಹೊಟ್ಟೆಯಲ್ಲಿ ಸಂಕಟ, ಅಂಗೈಯಲ್ಲಿ ಬೆವರು ಮುಂತಾಗಿ ಅವು ಮರುಕಳಿಸಿ, ಕೆಲವು ಆಯ್ಕೆಗಳನ್ನು ಯೋಚನೆ ತಲುಪುವ ಮೊದಲೇ ಬದಿಗೆ ಸರಿಸುತ್ತವೆ. ಇದನ್ನು ಪರೀಕ್ಷಿಸಲು ಅಯೋವಾದಲ್ಲಿ ಆಂಟೊಯಿನ್ ಬೆಚಾರಾ ಮತ್ತು ಸಂಗಡಿಗರು ಇಸ್ಪೀಟಿನಂಥ ಒಂದು ಆಟ ಹೂಡಿದರು. ನಾಲ್ಕು ಕಟ್ಟುಗಳಲ್ಲಿ ಎರಡು ಪ್ರತಿ ಎಲೆಗೂ ನೂರು ಡಾಲರ್ ಕೊಡುತ್ತವೆ, ನಡುನಡುವೆ ಭಾರೀ ದಂಡ ಹಾಕುತ್ತವೆ. ಉಳಿದೆರಡು ಐವತ್ತೇ ಕೊಟ್ಟರೂ ಕೊನೆಗೆ ಲಾಭ ತರುತ್ತವೆ. 1997ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆರೋಗ್ಯವಂತರ ಚರ್ಮದ ಬೆವರು ಸುಮಾರು ಹತ್ತು ಎಲೆಗಳಾಗುವಷ್ಟರಲ್ಲೇ ಕೆಟ್ಟ ಕಟ್ಟಿನ ಕಡೆ ಕೈ ಹೋದಾಗ ಏರತೊಡಗಿತ್ತು. ಯಾಕೋ ಇದು ಸರಿಯಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಿದ್ದು ಐವತ್ತರ ಸುಮಾರಿಗೆ. ಪೆಟ್ಟಾದವರಲ್ಲಿ ಆ ಮುನ್ಸೂಚನೆ ಬರಲೇ ಇಲ್ಲ. ಅವರಲ್ಲಿ ಕೆಲವರು ಯಾವ ಕಟ್ಟು ಕೆಟ್ಟದ್ದೆಂದು ವಿವರಿಸಿ ಹೇಳಿದ ಮೇಲೂ ಅದರಿಂದಲೇ ಎಲೆ ಎತ್ತಿದರು. ಆದರೆ ಆಟಗಾರರಿಗೆ ಬೆಚಾರಾ ಭಾವಿಸಿದ್ದಕ್ಕಿಂತ ಬೇಗನೆ ವಿಷಯ ತಿಳಿದಿರುತ್ತದೆ ಎಂದು 2004ರಲ್ಲಿ ಟಿಯಾಗೊ ಮಾಯಾ ಮತ್ತು ಜೇಮ್ಸ್ ಮೆಕ್ಲೆಲೆಂಡ್ ತೋರಿಸಿದರು. ಆದ್ದರಿಂದ ಮೈ ಮೊದಲು, ಮನಸ್ಸು ಆಮೇಲೆ ಎಂಬ ಭಾಗ ಇನ್ನೂ ವಾದಕ್ಕೆ ಒಳಪಟ್ಟಿದೆ. ತಿಳಿವಳಿಕೆ ನಡತೆಯಾಗಲು ಭಾವದ ಒತ್ತು ಬೇಕೆಂಬ ಭಾಗಕ್ಕೆ ಅಷ್ಟು ಪೆಟ್ಟುಬಿದ್ದಿಲ್ಲ.

ನಂಬಿಕೆಗೂ ಭಾವವೇ ಸಾಕ್ಷಿ ನಿಲ್ಲುತ್ತದೆ ಎಂಬುದು ಕಾಪ್‌ಗ್ರಾ ಎಂಬ ವಿರಳ ಸ್ಥಿತಿಯಲ್ಲಿ ಕಾಣುತ್ತದೆ. ಫ್ರೆಂಚ್ ಮನೋವೈದ್ಯ ಜೋಸೆಫ್ ಕಾಪ್‌ಗ್ರಾ 1923ರಲ್ಲಿ ಇದನ್ನು ದಾಖಲಿಸಿದರು. ರೋಗಿಗೆ ತನ್ನ ತಾಯಿಯ ಮುಖ ಚೆನ್ನಾಗಿ ಗುರುತು ಸಿಗುತ್ತದೆ, ಆದರೆ ಈಕೆ ತಾಯಿಯಂತೆ ವೇಷ ಹಾಕಿಕೊಂಡ ಬೇರೆ ಹೆಂಗಸು ಎಂದು ಸಾಧಿಸುತ್ತಾನೆ. ವಿ. ಎಸ್. ರಾಮಚಂದ್ರನ್ ಮತ್ತು ವಿಲಿಯಂ ಹರ್ಸ್ಟೀನ್ 1997ರಲ್ಲಿ ವಿವರಿಸಿದ ಯುವಕನೊಬ್ಬ ಎದುರಿಗಿದ್ದ ತಂದೆತಾಯಿಯನ್ನು ನಕಲಿ ಎನ್ನುತ್ತಿದ್ದ. ಫೋನಿನಲ್ಲಿ ಮಾತಾಡಿದರೆ ಅವರನ್ನೇ ತನ್ನವರೆಂದು ಒಪ್ಪುತ್ತಿದ್ದ. ಪರಿಚಿತ ಮುಖ ಕಂಡಾಗ ಚರ್ಮದಲ್ಲಿ ಆಗಬೇಕಾದ ಬದಲಾವಣೆ ಆತನಲ್ಲಿ ಕಾಣಲಿಲ್ಲ. ಮುಖವನ್ನು ಗುರುತಿಸುವ ಭಾಗದಿಂದ ಭಾವದ ಭಾಗಕ್ಕೆ ಹೋಗುವ ಹಾದಿ ಕಡಿದಿದೆ, ದನಿಯ ಹಾದಿ ಉಳಿದಿದೆ ಎಂಬುದು ಅವರ ವಿವರಣೆ. ನೋಡಿದರೆ ಅಮ್ಮ, ಆದರೆ ಅಮ್ಮನನ್ನು ಕಂಡ ಹಾಗೆ ಅನ್ನಿಸುವುದಿಲ್ಲ. ಬುದ್ಧಿ ಆ ಕೊರತೆಗೆ ಒಂದು ಕಾರಣ ಕಟ್ಟುತ್ತದೆ. ಪ್ರೀತಿಪಾತ್ರರನ್ನು ಪ್ರೀತಿಪಾತ್ರರೆಂದು ನಂಬುವುದಕ್ಕೂ ಒಳಗಿನ ಆ ಚಿಕ್ಕ ಮಿಡಿತ ಬೇಕೆಂಬುದು ಮನಸ್ಸನ್ನು ಕಲಕುವ ಸಂಗತಿ.

ಆಲೋಚನೆ ಭಾವವನ್ನು ರೂಪಿಸುವ ಬಗೆ

ವಿಲಿಯಂ ಜೇಮ್ಸ್ 1884ರಲ್ಲಿ, ಮೈಯ ಬದಲಾವಣೆಯ ಅರಿವೇ ಭಾವ ಎಂದರು: ಓಡುವುದರಿಂದ ಭಯ, ಅಳುವುದರಿಂದ ದುಃಖ. ಡೆನ್ಮಾರ್ಕಿನ ಕಾರ್ಲ್ ಲಾಂಗೆ ಮರುವರ್ಷವೇ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಬೇರೆ ಬೇರೆ ಭಾವಗಳಲ್ಲಿ ಮೈಯ ಸ್ಥಿತಿ ಬಹುಮಟ್ಟಿಗೆ ಒಂದೇ ಇರುತ್ತದೆ, ಅದರಿಂದ ಭಾವ ಹುಟ್ಟುವುದು ಹೇಗೆ ಎಂದು 1927ರಲ್ಲಿ ವಾಲ್ಟರ್ ಕ್ಯಾನನ್ ಪ್ರಶ್ನಿಸಿದರು. 1962ರಲ್ಲಿ ಸ್ಟ್ಯಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್ ನಡುದಾರಿ ಹುಡುಕಿದರು: ಮೈಯ ಉದ್ರೇಕ ಒಂದೇ, ಅದಕ್ಕೆ ಮನಸ್ಸು ಕೊಡುವ ವಿವರಣೆಯಿಂದ ಅದು ಸಿಟ್ಟೋ ಸಂತೋಷವೋ ಆಗುತ್ತದೆ. ವಿಟಮಿನ್ ಎಂದು ಹೇಳಿ ಮೈಯನ್ನು ಉದ್ರೇಕಿಸುವ ಅಡ್ರಿನಲಿನ್ ಚುಚ್ಚಿ, ಕುಣಿದಾಡುವ ಅಥವಾ ರೇಗಾಡುವ ನಟನೊಬ್ಬನ ಜೊತೆ ಕೂರಿಸಿದ ಅವರ ಪ್ರಯೋಗ ಆಮೇಲೆ ಪುನರಾವರ್ತನೆಯಲ್ಲಿ ಅಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ.

ಮ್ಯಾಗ್ಡಾ ಅರ್ನಾಲ್ಡ್ 1960ರಲ್ಲಿ ಮುಂದಿಟ್ಟು ರಿಚರ್ಡ್ ಲಜಾರಸ್ ಬೆಳೆಸಿದ ಮೌಲ್ಯಮಾಪನ ಸಿದ್ಧಾಂತ ಹೆಚ್ಚು ಕಾಲ ಬಾಳಿತು. ಇದು ನನಗೆ ಒಳ್ಳೆಯದೋ ಕೆಟ್ಟದ್ದೋ, ನನ್ನ ಕೈಯಲ್ಲಿದೆಯೋ ಇಲ್ಲವೋ, ಯಾರಿಂದಾಯಿತು ಎಂಬ ಬೆಲೆಕಟ್ಟುವಿಕೆಯೇ ಭಾವದ ಬಗೆಯನ್ನು ನಿರ್ಧರಿಸುತ್ತದೆ ಎಂಬುದು ಇದರ ತಿರುಳು. ರಾಬರ್ಟ್ ಜಾಯಾಂಕ್ 1980ರಲ್ಲಿ ಇದಕ್ಕೆ ಎದುರು ನಿಂತು, ಇಷ್ಟಾನಿಷ್ಟಗಳು ಯಾವ ಯೋಚನೆಯೂ ಇಲ್ಲದೆ ಹುಟ್ಟಬಲ್ಲವು ಎಂದರು. ಲಜಾರಸ್ ಮತ್ತು ಜಾಯಾಂಕ್ ನಡುವಿನ ವಾದ ಹಲವು ವರ್ಷ ನಡೆಯಿತು. ಅದರ ದೊಡ್ಡ ಭಾಗ ಯೋಚನೆ ಎಂದರೆ ಏನೇನು ಸೇರುತ್ತದೆ ಎಂಬುದರ ಮೇಲೆ ನಿಂತಿತ್ತು. ಬೆಲೆಕಟ್ಟುವಾಗ ಆದ ಸಂಗತಿಗಿಂತ ಅದನ್ನು ಯಾವುದರ ಜೊತೆ ಹೋಲಿಸುತ್ತೇವೆ ಎಂಬುದು ಮುಖ್ಯ ಎನ್ನುವುದಕ್ಕೆ ಒಲಿಂಪಿಕ್ಸ್ ಪದಕ ಗೆದ್ದವರ ಮುಖಗಳೇ ಸಾಕ್ಷಿ. 1992ರ ಬಾರ್ಸಿಲೋನಾ ಕ್ರೀಡಾಕೂಟದ ವಿಡಿಯೊಗಳನ್ನು ನೋಡುಗರಿಗೆ ತೋರಿಸಿದ ಮೆಡ್ವೆಕ್, ಮೇಡಿ ಮತ್ತು ಗಿಲೊವಿಚ್ ಅವರ ಅಧ್ಯಯನದಲ್ಲಿ (1995) ಕಂಚು ಗೆದ್ದವರು ಬೆಳ್ಳಿ ಗೆದ್ದವರಿಗಿಂತ ಹೆಚ್ಚು ಸಂತೋಷವಾಗಿ ಕಂಡರು. ಬೆಳ್ಳಿಯವರು ಕೈತಪ್ಪಿದ ಚಿನ್ನವನ್ನು ನೆನೆದರೆ, ಕಂಚಿನವರು ಪದಕವೇ ಇಲ್ಲದೆ ಬರಿಗೈಯಲ್ಲಿ ಹೋಗಬೇಕಾಗಿತ್ತಲ್ಲ ಎಂದು ನೆನೆಯುತ್ತಾರೆ.

ಮೆದುಳಿನಲ್ಲಿ

ಕಿವಿಯ ಮಟ್ಟದಲ್ಲಿ ಮೆದುಳಿನ ಒಳಗೆ ಎರಡೂ ಕಡೆ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಇಲಿಗಳ ಮೇಲಿನ ಜೋಸೆಫ್ ಲೆಡೂ ಅವರ ಕೆಲಸದಿಂದ, ಅಪಾಯದ ಸುದ್ದಿ ಇಲ್ಲಿಗೆ ಎರಡು ದಾರಿಯಲ್ಲಿ ಬರುವುದು ತಿಳಿಯಿತು: ಇಂದ್ರಿಯಗಳ ಸುದ್ದಿಯನ್ನು ಹಂಚುವ ಥಲಾಮಸ್‌ನಿಂದ ನೇರವಾಗಿ, ಒರಟಾದ ಚಿತ್ರದೊಂದಿಗೆ; ಮತ್ತು ಮೆದುಳಿನ ಹೊರಪದರವಾದ ಕಾರ್ಟೆಕ್ಸ್ ಸುತ್ತಿ, ತುಸು ತಡವಾಗಿ, ಸ್ಪಷ್ಟವಾಗಿ. ಅಮಿಗ್ಡಲಾವನ್ನು ಭಯದ ಕೇಂದ್ರ ಎಂದು ಕರೆಯುವುದು ವಾಡಿಕೆಯಾಗಿದ್ದರೂ ಲೆಡೂ ಅವರೇ ಆಮೇಲೆ ಅದನ್ನು ಒಪ್ಪಲಿಲ್ಲ. ಮೈ ಅಪಾಯಕ್ಕೆ ಸ್ಪಂದಿಸುವುದು ಬೇರೆ, ನನಗೆ ಭಯವಾಗಿದೆ ಎಂಬ ಅರಿವು ಬೇರೆ ಎಂದರು.

ಎಸ್. ಎಂ. ಎಂಬ ಅಕ್ಷರಗಳಿಂದ ಪ್ರಸಿದ್ಧಳಾದ ಮಹಿಳೆಯ ಎರಡೂ ಅಮಿಗ್ಡಲಾಗಳು ಅಪರೂಪದ ಆನುವಂಶಿಕ ಕಾಯಿಲೆಯಿಂದ ನಾಶವಾಗಿವೆ. ಆಕೆ ಹಾವನ್ನು ಕುತೂಹಲದಿಂದ ಕೈಯಲ್ಲಿ ಹಿಡಿದಳು. ಇತರರ ಮುಖದಲ್ಲಿ ಭಯವನ್ನು ಗುರುತಿಸಲು ಆಕೆಗೆ ಆಗುತ್ತಿರಲಿಲ್ಲ. 2005ರಲ್ಲಿ ರಾಲ್ಫ್ ಅಡಾಲ್ಫ್ಸ್ ಮತ್ತು ಸಂಗಡಿಗರು ಇದರ ಒಂದು ಕಾರಣ ಕಂಡುಹಿಡಿದರು: ಆಕೆ ಎದುರಿನವರ ಕಣ್ಣುಗಳನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ನೋಡಿ ಎಂದು ಹೇಳಿದಾಗ ಗುರುತಿಸುವಿಕೆ ಸರಿಹೋಯಿತು. ಎಲ್ಲಿ ನೋಡಬೇಕು ಎಂದು ಗಮನವನ್ನು ತಿರುಗಿಸುವುದೂ ಭಾವದ ಅಂಗದ ಕೆಲಸವೇ ಎಂದಾಯಿತು. ಮುಂದೆ 2013ರಲ್ಲಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಗಾಳಿಯನ್ನು ಉಸಿರಾಡಿಸಿದಾಗ ಇದೇ ಮಹಿಳೆ ತೀವ್ರವಾಗಿ ದಿಗಿಲುಗೊಂಡಳು. ಉಸಿರು ಕಟ್ಟುವ ಭಯಕ್ಕೆ ಅಮಿಗ್ಡಲಾ ಬೇಕಿಲ್ಲ.

ಇಂಥ ಸಾಕ್ಷ್ಯಗಳ ಆಧಾರದ ಮೇಲೆ, ಮೆದುಳಿನಲ್ಲಿ ಭಾವಕ್ಕೊಂದು, ಆಲೋಚನೆಗೊಂದು ಎಂದು ಕೋಣೆಗಳನ್ನು ಹಂಚಲಾಗದು ಎಂದು ಲೂಯಿಜ್ ಪೆಸೋವಾ 2008ರಲ್ಲಿ ವಾದಿಸಿದರು. ಕೆಳಗೆ ಹಲ್ಲಿಯ ಮೆದುಳು, ನಡುವೆ ಭಾವದ ಮೆದುಳು, ಮೇಲೆ ವಿಚಾರದ ಮೆದುಳು ಎಂಬ ಪಾಲ್ ಮೆಕ್ಲೀನ್ ಅವರ ಮೂರಂತಸ್ತಿನ ಚಿತ್ರ ಜನಪ್ರಿಯ ಬರವಣಿಗೆಯಲ್ಲಿ ಇನ್ನೂ ಓಡಾಡುತ್ತಿದೆ. ಮೆದುಳಿನ ವಿಕಾಸವನ್ನು ಅಧ್ಯಯನ ಮಾಡುವವರು ಅದನ್ನು ಕೈಬಿಟ್ಟು ಬಹಳ ಕಾಲವಾಯಿತು.

ನೆನಪು

ಭಾವ ತುಂಬಿದ ಘಟನೆ ಮನಸ್ಸಿನಲ್ಲಿ ಉಳಿಯುತ್ತದೆ. 1994ರಲ್ಲಿ ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗೋ ಮತ್ತು ಸಂಗಡಿಗರು, ಹುಡುಗನೊಬ್ಬನಿಗೆ ಅಪಘಾತವಾಗುವ ಕಥೆಯನ್ನು ಚಿತ್ರಗಳೊಂದಿಗೆ ಹೇಳಿದರು. ಒಂದು ವಾರದ ನಂತರ ಕೇಳುಗರಿಗೆ ಅಪಘಾತದ ಭಾಗವೇ ಹೆಚ್ಚು ನೆನಪಿತ್ತು. ಅಡ್ರಿನಲಿನ್ ಪರಿಣಾಮವನ್ನು ತಡೆಯುವ ಪ್ರೊಪ್ರನೊಲಾಲ್ ಮಾತ್ರೆ ನುಂಗಿದ್ದವರಲ್ಲಿ ಆ ಹೆಚ್ಚಳ ಇರಲಿಲ್ಲ. ಆದರೆ ಚೆನ್ನಾಗಿ ಉಳಿದಂತೆ ಅನ್ನಿಸುವುದೆಲ್ಲ ಸರಿಯಾಗಿ ಉಳಿದಿರುವುದಿಲ್ಲ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ, ಸುದ್ದಿ ತಿಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು ಎಂದು ಅಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್ ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದಾಗ, ನಾಲ್ಕನೆಯ ಒಂದು ಭಾಗದವರ ಉತ್ತರ ಮೊದಲು ಬರೆದದ್ದರೊಂದಿಗೆ ಯಾವ ಅಂಶದಲ್ಲೂ ಕೂಡಲಿಲ್ಲ. ಹಾಗಿದ್ದೂ ತಮ್ಮ ನೆನಪಿನ ಮೇಲೆ ಅವರಲ್ಲಿ ಹಲವರಿಗೆ ಗಟ್ಟಿ ಭರವಸೆ ಇತ್ತು. ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ನಡುಗುವ ದನಿಯಲ್ಲಿ ಹೇಳಿದ್ದನ್ನು ಸತ್ಯವೆಂದು ನಂಬುವ ನಮ್ಮ ಅಭ್ಯಾಸವನ್ನು ಈ ಸಂಶೋಧನೆ ಗಂಭೀರವಾಗಿ ಪ್ರಶ್ನಿಸುತ್ತದೆ.

ತೀರ್ಮಾನ

ಭಾವ ತಾನು ಹುಟ್ಟಿದ ಜಾಗದಲ್ಲೇ ನಿಲ್ಲುವುದಿಲ್ಲ. ಸಂಬಂಧವಿಲ್ಲದ ವಿಷಯಕ್ಕೂ ಹರಿಯುತ್ತದೆ. ನಾರ್ಬರ್ಟ್ ಶ್ವಾರ್ಜ್ ಮತ್ತು ಜೆರಾಲ್ಡ್ ಕ್ಲೋರ್ 1983ರಲ್ಲಿ ಫೋನಿನಲ್ಲಿ ಬದುಕಿನ ಬಗ್ಗೆ ವಿಚಾರಿಸಿದಾಗ, ಬಿಸಿಲಿನ ದಿನ ಸಿಕ್ಕವರು ಮಳೆಯ ದಿನ ಸಿಕ್ಕವರಿಗಿಂತ ಹೆಚ್ಚು ತೃಪ್ತಿ ಹೇಳಿಕೊಂಡರು. ಮೊದಲೇ ಹವಾಮಾನ ಹೇಗಿದೆ ಎಂದು ಕೇಳಿದರೆ ವ್ಯತ್ಯಾಸ ಮಾಯವಾಯಿತು. ಆಮೇಲಿನ ದೊಡ್ಡ ಸಮೀಕ್ಷೆಗಳಲ್ಲಿ ಹವಾಮಾನದ ಪರಿಣಾಮ ಇಷ್ಟು ಸ್ಪಷ್ಟವಾಗಿ ಕಂಡಿಲ್ಲ.

ಭಯ ಮತ್ತು ಸಿಟ್ಟು ಎರಡೂ ಅಹಿತಕರವಾದರೂ ಅವು ತೀರ್ಮಾನವನ್ನು ಎಳೆಯುವುದು ಬೇರೆ ಬೇರೆ ಕಡೆಗೆ. ಜೆನಿಫರ್ ಲರ್ನರ್ ಮತ್ತು ಡಾಕರ್ ಕೆಲ್ಟ್ನರ್ ಅವರ ಅಧ್ಯಯನಗಳಲ್ಲಿ ಹೆದರಿದವರು ಅಪಾಯವನ್ನು ಹಿಗ್ಗಿಸಿ ನೋಡಿದರೆ, ಸಿಟ್ಟಾದವರು ಕುಗ್ಗಿಸಿ ನೋಡಿ ಧೈರ್ಯದಿಂದ ಮುನ್ನುಗ್ಗಿದರು. ಒಂದು ಗುಂಪು ಹೆದರಿಕೆಯಿಂದ ಸಿಟ್ಟಿಗೆ ತಿರುಗಿದಾಗ ಅದರ ನಡತೆ ಯಾಕೆ ಅಷ್ಟು ಬೇಗ ಬದಲಾಗುತ್ತದೆ ಎಂಬುದಕ್ಕೆ ಇಲ್ಲಿ ಸುಳಿವಿದೆ. ಭಯ ತಪ್ಪು ಲೆಕ್ಕಕ್ಕೆ ತಳ್ಳಿದ ಕರುಣಾಜನಕ ಉದಾಹರಣೆಯನ್ನು ಗೆರ್ಡ್ ಗಿಗರೆಂಜರ್ ಕೊಡುತ್ತಾರೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನ ಹತ್ತಲು ಹೆದರಿದ ಬಹಳಷ್ಟು ಅಮೆರಿಕನ್ನರು ದೂರದ ಪ್ರಯಾಣಕ್ಕೂ ಕಾರು ಹಿಡಿದರು. ಒಂದು ವರ್ಷದಲ್ಲಿ ಹಾಗೆ ರಸ್ತೆಯಲ್ಲಿ ಹೆಚ್ಚಿನದಾಗಿ ಸತ್ತವರು ಸುಮಾರು 1,500 ಎಂದು ಅವರ ಅಂದಾಜು. ಇದಕ್ಕೆ ವಿರುದ್ಧವಾಗಿ, ಆಲಿಸ್ ಐಸನ್ 1987ರಲ್ಲಿ ತೋರಿಸಿದಂತೆ, ಹಾಸ್ಯಚಿತ್ರ ನೋಡಿ ಹಗುರಾದವರು ಹೊಸ ಬಗೆಯಲ್ಲಿ ಯೋಚಿಸಬೇಕಾದ ಒಗಟನ್ನು ಇತರರಿಗಿಂತ ಹೆಚ್ಚಾಗಿ ಬಿಡಿಸಿದರು.

ಉದ್ವೇಗ ಎಷ್ಟಿದ್ದರೆ ಒಳ್ಳೆಯದು ಎಂಬ ಪ್ರಶ್ನೆಗೆ ಯರ್ಕ್ಸ್ ಮತ್ತು ಡಾಡ್‌ಸನ್ 1908ರಲ್ಲಿ ಇಲಿಗಳಿಗೆ ವಿದ್ಯುತ್ ತಾಗಿಸಿ ಉತ್ತರ ಹುಡುಕಿದ್ದರು: ಸುಲಭದ ಪಾಠವನ್ನು ಜೋರಾದ ಪೆಟ್ಟು ಬೇಗ ಕಲಿಸಿತು, ಕಷ್ಟದ ಪಾಠಕ್ಕೆ ಮೆಲ್ಲನೆಯ ಪೆಟ್ಟೇ ಮೇಲಾಯಿತು. ಪರೀಕ್ಷೆಯ ಕೊಠಡಿಯಲ್ಲಿ ಕಂಠಪಾಠದ ಉತ್ತರ ಸರಾಗವಾಗಿ ಬರೆದ ಹುಡುಗಿ, ಲೆಕ್ಕದ ಸಮಸ್ಯೆ ಬಂದಾಗ ಪೂರ್ತಿ ಕಲ್ಲಾಗುವುದು ಇದೇ ಕಾರಣಕ್ಕಿರಬಹುದು. ಚಿಂತೆ ಆ ಹೊತ್ತಿನ ನೆನಪಿನಲ್ಲಿ ಜಾಗ ಹಿಡಿದಿರುತ್ತದೆ, ಲೆಕ್ಕಕ್ಕೆ ಬೇಕಾದ್ದೂ ಅದೇ ಜಾಗ. ಓದಿಲ್ಲ ಎಂದು ಅಂಥ ಮಕ್ಕಳನ್ನು ಗದರಿಸುವ ಮೊದಲು ಶಾಲೆಯವರೂ ಮನೆಯವರೂ ಇದನ್ನು ತಿಳಿದಿರಬೇಕು.

ನಿಯಂತ್ರಣ ಮತ್ತು ಚಿಕಿತ್ಸೆ

ಭಾವವನ್ನು ಹಿಡಿತಕ್ಕೆ ತರುವ ಎಲ್ಲ ದಾರಿಗಳೂ ಒಂದೇ ಅಲ್ಲ. ಜೇಮ್ಸ್ ಗ್ರಾಸ್ ಅವರ ಅಧ್ಯಯನಗಳಲ್ಲಿ ಮುಖ್ಯವಾಗಿ ಎರಡನ್ನು ಹೋಲಿಸಲಾಗಿದೆ: ಬಂದ ಭಾವ ಮುಖದಲ್ಲಿ ಕಾಣದಂತೆ ಅದುಮುವುದು, ಮತ್ತು ಸನ್ನಿವೇಶವನ್ನೇ ಬೇರೆ ರೀತಿ ಅರ್ಥಮಾಡಿಕೊಳ್ಳುವುದು. ಅದುಮಿದವರ ಒಳಗಿನ ನೋವು ಕಡಿಮೆಯಾಗಲಿಲ್ಲ, ಮೈಯ ಉದ್ರೇಕ ಏರಿತು, ಆ ಹೊತ್ತಿನಲ್ಲಿ ಕಂಡು ಕೇಳಿದ್ದರ ನೆನಪೂ ಕುಂದಿತು. ಅರ್ಥ ಬದಲಿಸಿಕೊಂಡವರಿಗೆ ಈ ನಷ್ಟ ಇರಲಿಲ್ಲ. ಅಳಬೇಡ, ಗಂಡಸು ಎಂದು ಹುಡುಗರಿಗೆ ಕಲಿಸುವುದು ಮೊದಲನೆಯ ದಾರಿಯನ್ನೇ. ತನಗಾಗುತ್ತಿರುವುದಕ್ಕೆ ಹೆಸರಿಡುವುದರಿಂದಲೂ ಅಮಿಗ್ಡಲಾದ ಚಟುವಟಿಕೆ ಇಳಿಯುತ್ತದೆ ಎಂದು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದರು.

ಅರ್ಥ ಬದಲಿಸಿದರೆ ಭಾವವೂ ಬದಲಾಗುತ್ತದೆ ಎಂಬ ತಿಳಿವಳಿಕೆ ಇದಕ್ಕೂ ಮೊದಲೇ ಚಿಕಿತ್ಸೆಯಾಗಿ ಬೆಳೆದದ್ದು ಫಿಲಡೆಲ್ಫಿಯಾದಲ್ಲಿ. ಫ್ರಾಯ್ಡ್ ಪರಂಪರೆಯಲ್ಲಿ ಕಲಿತಿದ್ದ ಆರನ್ ಬೆಕ್ (1921–2021), 1960ರ ದಶಕದಲ್ಲಿ ತಮ್ಮ ಖಿನ್ನ ರೋಗಿಗಳ ಮನಸ್ಸಿನಲ್ಲಿ ಮಿಂಚಿ ಮರೆಯಾಗುವ ಕೆಲವು ವಾಕ್ಯಗಳನ್ನು ಗಮನಿಸಿದರು: ನಾನು ಯಾವುದಕ್ಕೂ ಬಾರದವನು, ಇವರಿಗೆ ನನ್ನಿಂದ ಬೇಸರ, ಇನ್ನು ಮುಂದೆಯೂ ಹೀಗೆಯೇ. ಅವು ದುಃಖದಿಂದ ಹುಟ್ಟಿ ದುಃಖವನ್ನೇ ಮತ್ತೆ ಹುಟ್ಟಿಸುತ್ತವೆ. ಆ ವಾಕ್ಯವನ್ನು ಕಾಗದದ ಮೇಲೆ ಬರೆದು, ಪರವಾಗಿ ಏನಿದೆ, ವಿರುದ್ಧವಾಗಿ ಏನಿದೆ ಎಂದು ರೋಗಿ ಮತ್ತು ಚಿಕಿತ್ಸಕ ಕೂಡಿ ಪರಿಶೀಲಿಸುವುದು ಬೆಕ್ ಪದ್ಧತಿಯ ನಡುಭಾಗ. ಬರೀ ಪರಿಶೀಲನೆ ಸಾಕಾಗುವುದಿಲ್ಲ. ಹಾಸಿಗೆ ಬಿಟ್ಟೇಳುವುದು, ಗೆಳೆಯನಿಗೆ ಫೋನ್ ಮಾಡುವುದು ಮೊದಲಾದ ಚಿಕ್ಕ ಕೆಲಸಗಳನ್ನು ಮಾಡಿಸಿ, ಅನುಭವದಿಂದಲೇ ನಂಬಿಕೆ ಸಡಿಲಾಗುವಂತೆ ನೋಡಿಕೊಳ್ಳುತ್ತಾರೆ. ಆಲ್ಬರ್ಟ್ ಎಲಿಸ್ 1950ರ ದಶಕದಲ್ಲೇ ಇಂಥದೇ ದಾರಿ ಹಿಡಿದಿದ್ದರು. ಇಬ್ಬರೂ ಸ್ಟೋಯಿಕ್ ತತ್ತ್ವಜ್ಞರ ಋಣವನ್ನು ಒಪ್ಪಿಕೊಂಡಿದ್ದಾರೆ. ಈ ಚಿಕಿತ್ಸೆ ಇಂದು ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಜಗತ್ತಿನ ಹಲವು ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಬಳಕೆಯಲ್ಲಿದೆ.

ಇಷ್ಟೆಲ್ಲ ತಿಳಿದ ಮೇಲೂ, ಭಾವಗಳು ಹುಟ್ಟಿನಿಂದಲೇ ಬಂದ, ಎಲ್ಲ ಜನಾಂಗಗಳಿಗೂ ಸಮಾನವಾದ ಕೆಲವು ಮೂಲಧಾತುಗಳೇ ಎಂಬ ಪ್ರಶ್ನೆಯಲ್ಲಿ ವಿದ್ವಾಂಸರು ಇಂದಿಗೂ ಎರಡು ಪಕ್ಷವಾಗಿದ್ದಾರೆ. ಭಾವಗಳ ಅಭಿವ್ಯಕ್ತಿಯನ್ನು ಕುರಿತ ಡಾರ್ವಿನ್‌ನ 1872ರ ಗ್ರಂಥದ ಜಾಡಿನಲ್ಲಿ ನಡೆದ ಪಾಲ್ ಎಕ್ಮನ್, ಮುಖಭಾವಗಳ ಆಧಾರದಿಂದ ಆರು ಮೂಲಭಾವಗಳನ್ನು ಹೆಸರಿಸಿದರು. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ 2017ರ ತಮ್ಮ ಪುಸ್ತಕದಲ್ಲಿ, ಮೈಯ ಒಳಸುದ್ದಿಯನ್ನು ಹಿಂದಿನ ಅನುಭವ ಮತ್ತು ಕಲಿತ ಪರಿಕಲ್ಪನೆಗಳಿಂದ ಅರ್ಥೈಸಿ ಮೆದುಳು ಪ್ರತಿ ಸಲವೂ ಭಾವವನ್ನು ಹೊಸದಾಗಿ ಕಟ್ಟುತ್ತದೆ ಎಂದು ವಾದಿಸುತ್ತಾರೆ. ಈ ಎರಡನೆಯ ಪಕ್ಷ ಸರಿಯಾದರೆ ಭಾವವೂ ಆಲೋಚನೆಯೂ ಒಂದೇ ಕೆಲಸದ ಎರಡು ಹೆಸರಾಗುತ್ತವೆ. ಎಕ್ಮನ್ ಪಕ್ಷದವರು ಇದನ್ನು ಒಪ್ಪದೆ, ಕುರುಡರಾಗಿ ಹುಟ್ಟಿದವರ ಮುಖದಲ್ಲೂ ಕಾಣುವ ನಗು ಮತ್ತು ಅಳುವಿನ ಕಡೆಗೆ ಬೆರಳು ತೋರಿಸುತ್ತಾರೆ.